ಕೊಪ್ಪರಿಗೆಯವರು ಕೂಡಿಸಿದ ಡ್ರಮ್

ಹಿಂದಿನ ಚಕ್ರದ ಡ್ರಮ್ಮನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಅಂಚಿನ ಸುತ್ತ ಇದ್ದ ಹತ್ತು ರಿವೆಟ್‌ಗಳನ್ನು ಒಂದೊಂದಾಗಿ ತಟ್ಟಿ ನೋಡಿದೆ. ರಿವೆಟ್‌ನ ಒಂದು ತುದಿಗೆ ಬೆರಳು ಒತ್ತಿ ಇನ್ನೊಂದು ತುದಿಯನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಬೇಕು. ಗಟ್ಟಿಯಾಗಿ ಕೂತದ್ದು ಸುಮ್ಮನಿರುತ್ತದೆ, ಸಡಿಲವಾದದ್ದು ಬೆರಳಿಗೆ ಚುರುಕ್ಕೆನ್ನುತ್ತದೆ. ನಾಲ್ಕು ಚುರುಕ್ಕೆಂದವು. ಐದನೆಯದಕ್ಕೆ ತಲೆಯೇ ಇರಲಿಲ್ಲ.

ಗಾಡಿ ಯುದ್ಧಕಾಲದ ಇಂಗ್ಲಿಷ್ ಮೋಟಾರ್‌ಸೈಕಲ್ಲು. ಹೆಗ್ಗಡದೇವನಕೋಟೆಯ ನಿವೃತ್ತ ಪಶುವೈದ್ಯರೊಬ್ಬರು ಅದನ್ನು ಟೆಂಪೊದಲ್ಲಿ ಹೇರಿಕೊಂಡು ಹುಣಸೂರಿನ ನನ್ನ ಷೆಡ್ಡಿಗೆ ತಂದಿದ್ದರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಊರಿನ ತುಂಬ ಹೊಸ ಗಾಡಿಗಳು ಓಡಾಡುತ್ತಿದ್ದವು. ಹಳೆಯದನ್ನು ರಿಪೇರಿ ಮಾಡಿಸುವವರಲ್ಲಿ ಬಹಳ ಮಂದಿ ಮನೆ ಮುಂದೆ ನಿಲ್ಲಿಸಿ ನೋಡುವುದಕ್ಕೆಂದೇ ಮಾಡಿಸುತ್ತಿದ್ದರು. ಡಾಕ್ಟರು ಹಾಗಲ್ಲವೆಂದು ಮೊದಲ ದಿನವೇ ಹೇಳಿದರು.

"ನೋಡಪ್ಪ, ಇದನ್ನ ಒರೆಸಿ ಇಟ್ಕೊಳ್ಳೋಕೆ ತಂದಿಲ್ಲ. ಸರ್ವೀಸಿನಲ್ಲಿದ್ದಾಗ ಇದರಲ್ಲೇ ಕಬಿನಿ ಆಚೆ ಊರುಗಳಿಗೆಲ್ಲ ಹೋಗಿದ್ದೀನಿ. ಮತ್ತೆ ಓಡಿಸಬೇಕು. ಆದರೆ ನನ್ನ ಕೈ ನೋಡು."

ಬಲಗೈ ಎತ್ತಿದರು. ಮೂರು ಬೆರಳುಗಳು ಮಡಚುತ್ತಿರಲಿಲ್ಲ. ಕೆಲಸದಲ್ಲಿದ್ದಾಗ ಎಮ್ಮೆಯೊಂದು ಅವರ ಕೈಯನ್ನು ಕಂಬಕ್ಕೆ ಒತ್ತಿಬಿಟ್ಟಿತ್ತಂತೆ. ಆಕ್ಸಿಲರೇಟರನ್ನು ಅಂಗೈಯಲ್ಲಿ ಹೇಗೋ ತಿರುಗಿಸಬಲ್ಲರು. ಮುಂದಿನ ಬ್ರೇಕಿನ ಲಿವರನ್ನು ಹಿಡಿದೆಳೆಯಲಾರರು.

"ಮುಂದಿನ ಬ್ರೇಕು ಇಲ್ಲ ಅಂತಲೇ ತಿಳ್ಕೊ. ನನಗೆ ಕಾಲಿನ ಬ್ರೇಕೇ ಗತಿ" ಎಂದರು.

ಕಾಲಿನ ಬ್ರೇಕು ಎಂದರೆ ಈ ಡ್ರಮ್ಮು. ಬೀಡುಕಬ್ಬಿಣದ ಒಂದು ಬೋಗುಣಿ. ಅದರ ಒಳಮೈಗೆ ಬ್ರೇಕ್ ಶೂಗಳು ಒತ್ತಿಕೊಂಡರೆ ಗಾಡಿ ನಿಲ್ಲುತ್ತದೆ. ಅದರ ಅಂಚಿಗೇ ಚೈನು ಎಳೆಯುವ ಹಲ್ಲುಚಕ್ರವನ್ನು, ಅಂದರೆ ಸ್ಪ್ರಾಕೆಟನ್ನು, ಆ ಹತ್ತು ರಿವೆಟ್‌ಗಳಿಂದ ಕೂಡಿಸಿರುತ್ತಾರೆ. ಓಡುವುದೂ ನಿಲ್ಲುವುದೂ ಒಂದೇ ತುಂಡಿನಲ್ಲಿ. ರಿವೆಟ್ ಸಡಿಲವಾಗಿ ಸ್ಪ್ರಾಕೆಟ್ ವಾಲಿದರೆ ಚೈನು ಕಳಚಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ.

ರಿವೆಟ್ ನನಗೆ ಹೊಸದಲ್ಲ ಎಂದುಕೊಂಡಿದ್ದೆ. ಬ್ರೇಕ್ ಶೂಗಳಿಗೆ ಹೊಸ ಲೈನಿಂಗನ್ನು ನೂರಾರು ಸಲ ಹಾಕಿದ್ದೇನೆ. ತಾಮ್ರದ ರಿವೆಟ್, ಮಧ್ಯದಿಂದ ಶುರುಮಾಡಿ ಎರಡೂ ಕಡೆಗೆ ಹೋಗಬೇಕು, ತಲೆಗಳು ಲೈನಿಂಗ್‌ನ ಮಟ್ಟಕ್ಕಿಂತ ಒಳಗೆ ಕೂರಬೇಕು, ಇಲ್ಲದಿದ್ದರೆ ಡ್ರಮ್ಮನ್ನು ಗೀರುತ್ತವೆ. ಈ ಗಾಡಿಗೂ ಒಂದು ಮಧ್ಯಾಹ್ನದಲ್ಲಿ ಅದನ್ನು ಮುಗಿಸಿದೆ. ತಾಮ್ರ ಮೆದು, ಒಂಟಿ ಕೈಯಲ್ಲಿ ಆಗುವ ಕೆಲಸ. ಸ್ಪ್ರಾಕೆಟ್‌ನದು ಉಕ್ಕಿನ ರಿವೆಟ್. ಹಳೆಯವನ್ನು ಕೊರೆದು ತೆಗೆದಾಗ ತೂತುಗಳೆಲ್ಲ ಉದ್ದಕ್ಕೆ ಸವೆದಿದ್ದು ಕಂಡಿತು. ಹೊಸ ಡ್ರಮ್ಮಿಗಾಗಿ ಮೈಸೂರು, ಬೆಂಗಳೂರಿನ ಗುಜರಿಗಳಲ್ಲೆಲ್ಲ ವಿಚಾರಿಸಿದೆ. ಸಿಗಲಿಲ್ಲ.

ಆಗ ನಾನು ಸುಲಭದ ದಾರಿ ಹಿಡಿದೆ. ರಿವೆಟ್ ಬದಲು ಹತ್ತು ಗಡಸು ಬೋಲ್ಟ್ ಹಾಕಿ, ನಟ್ಟುಗಳನ್ನು ಅರದಿಂದ ತೆಳ್ಳಗೆ ಮಾಡಿ ಕೂರಿಸಿದೆ. ಟ್ರಯಲ್‌ಗೆಂದು ನಾನೇ ಹೆಗ್ಗಡದೇವನಕೋಟೆಯ ರಸ್ತೆಯಲ್ಲಿ ಹೊರಟೆ. ಅರ್ಧ ದಾರಿಯವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಹಿಂದೆ ಕಟಕಟ ಸದ್ದು. ಇಳಿದು ನೋಡೋಣ ಎನ್ನುವಷ್ಟರಲ್ಲಿ ಒಂದು ಬೋಲ್ಟ್ ತುಂಡಾಗಿ ಚೈನಿಗೆ ಸಿಕ್ಕಿತು. ಹಿಂದಿನ ಚಕ್ರ ಹಿಡಿದುಕೊಂಡಿತು. ಗಾಡಿ ಅಡ್ಡ ಜಾರಿ ಜೋಳದ ಹೊಲದ ಬದುವಿಗೆ ಹೋಗಿ ಬಿತ್ತು, ನಾನೂ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಎದುರಿಗೆ ಬಸ್ಸು ಬರುತ್ತಿದ್ದಿದ್ದರೆ ಎಂದು ಯೋಚಿಸುತ್ತಾ ಬಹಳ ಹೊತ್ತು ಆ ಬದುವಿನ ಮೇಲೆಯೇ ಕೂತಿದ್ದೆ. ನನ್ನ ಜಾಗದಲ್ಲಿ ಡಾಕ್ಟರಿದ್ದಿದ್ದರೆ ಎಂದೂ ಯೋಚಿಸಿದೆ.

ಎರಡನೆಯ ತಪ್ಪು ಅದಕ್ಕಿಂತ ದೊಡ್ಡದು. ಉಕ್ಕಿಗೂ ಬೀಡುಕಬ್ಬಿಣಕ್ಕೂ ವೆಲ್ಡಿಂಗ್ ಹೊಂದುವುದಿಲ್ಲ ಎಂದು ಗೊತ್ತಿದ್ದೂ ನಾಲ್ಕು ಕಡೆ ಚುಕ್ಕೆ ಇಡಿಸಿದೆ. ಡಾಕ್ಟರಿಗೆ ಹೇಳಲಿಲ್ಲ. ಬಿಸಿಗೆ ಡ್ರಮ್ಮಿನ ದುಂಡು ಕೆಟ್ಟಿತು. ಬ್ರೇಕ್ ಒತ್ತಿದರೆ ಪ್ರತಿ ಸುತ್ತಿಗೂ ಒಮ್ಮೆ ಹಿಡಿಯುವುದು, ಒಮ್ಮೆ ಬಿಡುವುದು. ಪೆಡಲ್ಲು ಕಾಲನ್ನು ವಾಪಸ್ ತಳ್ಳುವುದು. ವೆಲ್ಡಿಂಗನ್ನು ಉಜ್ಜಿ ತೆಗೆಸಿ, ಡ್ರಮ್ಮನ್ನು ಲೇತ್‌ಗೆ ಕೊಟ್ಟು ಒಳಮೈ ಕೆರೆಸಿ ಮತ್ತೆ ದುಂಡಗೆ ಮಾಡಿಸಬೇಕಾಯಿತು.

ಲೇತ್‌ನವನು ನನ್ನ ಗೆಳೆಯ. ಕೆಲಸ ಮುಗಿಸಿ ಡ್ರಮ್ಮನ್ನು ನನ್ನ ಕೈಗೆ ಕೊಡುವಾಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಇನ್ನೊಂದ್ ಸಲ ಕೆರೆಯೋ ಅಷ್ಟು ದಪ್ಪ ಉಳಿದಿಲ್ಲ ಕಣ್ಲಾ. ಇನ್ನೊಂದಪ ಕೆಡಿಸ್ಕಂಡು ಬಂದ್ರೆ ಗುಜರಿಗೇ ಆಕ್ಬೇಕು."

"ಏನು ಮಾಡ್ಲಿ ಹೇಳು."

"ರಿವೆಟ್ಟೇ ಒಡುಸ್ಬೇಕು. ನಿನ್ ಕೈಲಿ ಆಗಲ್ಲ, ನನ್ ಕೈಲೂ ಆಗಲ್ಲ. ಆಲೆಮನೆ ಕೊಪ್ಪರಿಗೆ ನೋಡಿದ್ದೀಯಾ? ನಮ್ ಕೆ.ಆರ್.ನಗರದ ಕಡೆ ಕೊಪ್ಪರಿಗೆ ಮಾಡೋ ಗಂಡ ಎಂಡ್ತಿ ಅವ್ರೆ. ಕುದಿಯೋ ಕಬ್ಬಿನಾಲು ಒಂದ್ ತೊಟ್ಟೂ ಸೋರಾಕಿಲ್ಲ. ಅಲ್ಲಿಗೆ ಹೋಗು."

ಮೊದಲು ಕೋಟೆಗೆ ಹೋಗಿ ಡಾಕ್ಟರಿಗೆ ಎರಡೂ ತಪ್ಪುಗಳನ್ನು ಹೇಳಿದೆ. ಅವರು ಡ್ರಮ್ಮನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಯ್ಯಲಿಲ್ಲ. "ಮುಂದಿನ ಸಲ ಏನು ಮಾಡೋದಿದ್ದರೂ ಮಾಡೋಕೆ ಮುಂಚೆ ಹೇಳು" ಎಂದರು. ಬೈದಿದ್ದರೇ ಹಗುರವಾಗುತ್ತಿತ್ತು.

ಡ್ರಮ್ಮನ್ನೂ ಸ್ಪ್ರಾಕೆಟನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಕೆ.ಆರ್.ನಗರದಲ್ಲಿ ಇಳಿದು ನಾಲೆಯ ಏರಿ ಹಿಡಿದು ನಡೆದರೆ ದೂರದಿಂದಲೇ ಸದ್ದು ಕೇಳಿಸಿತು. ತಗಡಿನ ಷೆಡ್ಡು. ಒಳಗೆ ಆಳೆತ್ತರದಷ್ಟು ಅಗಲದ ಕೊಪ್ಪರಿಗೆಯೊಂದನ್ನು ಕಲ್ಲುಗಳ ಮೇಲೆ ಮಗುಚಿ ಹಾಕಿದ್ದರು. ಅರವತ್ತರ ಆಸುಪಾಸಿನ ಗಂಡಸು ಮೇಲಿನಿಂದ ಹೊಡೆಯುತ್ತಿದ್ದರು. ಕೊಪ್ಪರಿಗೆಯ ಕೆಳಗಿನಿಂದ ಎರಡು ಪಾದ ಮಾತ್ರ ಆಚೆ ಕಾಣುತ್ತಿದ್ದವು, ಬೆಳ್ಳಿಯ ಕಾಲುಂಗುರ ಹಾಕಿದ್ದ ಪಾದ.

ನಾನು ಕೂಗಿದೆ. ಆತನಿಗೆ ಕೇಳಿಸಲಿಲ್ಲ. ಎದುರಿಗೆ ಹೋಗಿ ಕೈ ಮುಗಿದಾಗ ನೋಡಿ ತಲೆಯಾಡಿಸಿದರು, ಸುತ್ತಿಗೆಯಿಂದ ಕೊಪ್ಪರಿಗೆಯನ್ನು ಬೇರೆ ಲಯದಲ್ಲಿ ಮೂರು ಸಲ ತಟ್ಟಿದರು. ಕೆಳಗಿನಿಂದ ಹೆಂಡತಿ ತೆವಳಿಕೊಂಡು ಬಂದರು. ಐವತ್ತೈದು ದಾಟಿದ್ದಿರಬಹುದು. ಕಿವಿಗೆ ತುರುಕಿಕೊಂಡಿದ್ದ ಹತ್ತಿಯನ್ನು ತೆಗೆದು, "ಅವ್ರಿಗೆ ಕಿವಿ ಹೋಗೈತೆ. ಏನಪ್ಪ, ನನ್ ಕೇಳು" ಎಂದರು.

ಚೀಲ ಬಿಚ್ಚಿದೆ. ಅವರು ಡ್ರಮ್ಮನ್ನು ನೋಡುವ ಮೊದಲು ಕಿರುಬೆರಳನ್ನು ಪ್ರತಿ ತೂತಿನೊಳಗೂ ತೂರಿಸಿ ತಿರುಗಿಸಿದರು.

"ತೂತು ದುಂಡುಗಿಲ್ಲ, ಕೋಳಿಮೊಟ್ಟೆ ಆಗೋಗೈತೆ. ಮೊಳೆ ಎಲ್ಲಿ?"

ರಿವೆಟ್‌ಗೆ ಅವರು ಮೊಳೆ ಎನ್ನುತ್ತಿದ್ದರು. ಗಡಸು ಬೋಲ್ಟನ್ನು ಕತ್ತರಿಸಿ ಮಾಡಿಕೊಂಡಿದ್ದ ತುಂಡುಗಳನ್ನು ತೋರಿಸಿದೆ. ಒಂದನ್ನು ಕಲ್ಲಿಗೆ ಎಸೆದು ಅದರ ಸದ್ದು ಕೇಳಿದರು.

"ಇದಾಗಕಿಲ್ಲ ಬುಡು. ಇದು ಗಡ್ಸು. ಮೊಳೆ ಅಂದ್ರೆ ತೂತೊಳಗೆ ಊದ್ಕಂಡು ತುಂಬ್ಕಬೇಕು ಕಣಪ್ಪ. ಇದು ತಲೆ ಕೊಡ್ತದೆ, ಒಟ್ಟೆ ತುಂಬಾಕಿಲ್ಲ."

ಕಬ್ಬು ಅರೆಯುವ ಕಾಲ ಶುರುವಾಗುತ್ತಿತ್ತು. ಕೈಯಲ್ಲಿದ್ದ ಕೊಪ್ಪರಿಗೆ ಮುಗಿಯುವವರೆಗೆ ಬೇರೆ ಕೆಲಸ ಹಿಡಿಯುವ ಹಾಗಿಲ್ಲ ಎಂದರು. ಅಷ್ಟರಲ್ಲಿ ನಾನು ಮಾಡಿಕೊಂಡು ಬರಬೇಕಾದದ್ದನ್ನು ಹೇಳಿದರು: ತೂತುಗಳು ಒಂದು ಸುತ್ತು ದೊಡ್ಡದಾಗಿ ದುಂಡಗಾಗಬೇಕು; ಮೆದು ಕಬ್ಬಿಣದ ಮೊಳೆ ಬೇಕು, ಕೈಯಲ್ಲಿ ಒತ್ತಿದರೆ ಬಿಗಿಯಾಗಿ ಇಳಿಯಬೇಕು; ಆಚೆ ಉಳಿಯುವ ಉದ್ದ ಮೊಳೆಯ ದಪ್ಪದ ಒಂದೂವರೆಯಷ್ಟಿರಬೇಕು. ಅವರ ಬಳಿಯಿದ್ದ ಒತ್ತು ಕೊಡುವ ಕಬ್ಬಿಣ, ಎಂದರೆ ಹೊಡೆಯುವಾಗ ರಿವೆಟ್‌ನ ತಲೆಗೆ ಹಿಂದಿನಿಂದ ಆನಿಸಿ ಹಿಡಿಯುವ ಭಾರದ ತುಂಡು, ಡ್ರಮ್ಮಿನ ಅಂಚಿನ ಕೆಳಗೆ ಹಿಡಿಸುತ್ತಿರಲಿಲ್ಲ. ಹಾರೆಯ ತುಂಡೊಂದನ್ನು ಕೊಟ್ಟು, "ಇದನ್ನ ಸಪೂರ ಮಾಡ್ಸು. ತುದೀಲಿ ಮೊಳೆ ತಲೆ ಕೂರೋ ಅಂಗೆ ಗುಳಿ ತೆಗುಸು" ಎಂದರು.

ಹುಣಸೂರಿಗೆ ಬಂದು ಡ್ರಮ್ಮನ್ನೂ ಸ್ಪ್ರಾಕೆಟನ್ನೂ ಜೋಡಿಸಿ ಬಿಗಿದು, ರೀಮರನ್ನು ಕೈಯಲ್ಲೇ ತಿರುಗಿಸಿ ಹತ್ತು ತೂತುಗಳನ್ನೂ ಹಿಗ್ಗಿಸಿದೆ. ಯಂತ್ರಕ್ಕೆ ಕೊಡಲು ಧೈರ್ಯ ಬರಲಿಲ್ಲ. ಎರಡು ದಿನ ಹಿಡಿಯಿತು. ಗೆಳೆಯ ಲೇತ್‌ನಲ್ಲಿ ಹದಿನಾರು ರಿವೆಟ್‌ಗಳನ್ನು ಮಾಡಿಕೊಟ್ಟ; ಹತ್ತು ಕೆಲಸಕ್ಕೆ, ಆರು ಪರೀಕ್ಷೆಗೆ. ಅವನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ಮರುದಿನದವರೆಗೆ ತಾನಾಗಿ ತಣಿಯಲು ಬಿಟ್ಟೆವು. ಹಾಗೆ ಮಾಡಿದರೆ ಕಬ್ಬಿಣ ಇನ್ನೂ ಮೆದುವಾಗುತ್ತದೆ.

ಎರಡನೆಯ ಸಲ ಡಾಕ್ಟರೂ ನನ್ನ ಜೊತೆ ಬಂದರು. ಕೊಪ್ಪರಿಗೆ ಹೋಗಿತ್ತು, ಇನ್ನೊಂದರ ತಗಡುಗಳು ಗೋಡೆಗೊರಗಿದ್ದವು. ಆಕೆ ಡಾಕ್ಟರಿಗೆ ಕೂರಲು ಮಣೆ ಕೊಟ್ಟರು.

ಹೊಡೆಯುವುದನ್ನು ನಾನೇ ಮಾಡಬೇಕೆಂದು ತೀರ್ಮಾನಿಸಿಕೊಂಡು ಹೋಗಿದ್ದೆ. ಆಕೆಯ ಗಂಡ ಬೀಡಿನ ಮೇಲೆ ಕೆಲಸ ಮಾಡಿದವರಲ್ಲ. ಕೊಪ್ಪರಿಗೆಯ ತಗಡು ಏಟು ಬಿದ್ದರೆ ಬಗ್ಗುತ್ತದೆ, ಬೀಡು ಸೀಳುತ್ತದೆ. ಒಂದೇ ಏಟು ಜಾರಿದರೂ ಮುಗಿಯಿತು. ಹಾಗೆಂದು ಹೇಳಿಯೂಬಿಟ್ಟೆ. ಆಕೆಗೆ ಬೇಸರವಾಗಲಿಲ್ಲ. "ಸರಿ, ಮೊದ್ಲು ಪುಡಿ ತುಂಡಿನ ಮ್ಯಾಲೆ ನೀನೊಂದು ಒಡಿ, ಅವ್ರೊಂದು ಒಡೀಲಿ" ಎಂದರು.

ಹಳೆಯ ಸ್ಪ್ರಾಕೆಟ್ ತುಂಡಿಗೆ ಒಂದು ಪಟ್ಟಿ ಸೇರಿಸಿ ನಾನೊಂದು ರಿವೆಟ್ ಬಡಿದೆ. ತಲೆ ದುಂಡಗೆ, ಅಚ್ಚುಕಟ್ಟಾಗಿ ಬಂತು. ಆಮೇಲೆ ಅವರು ಬಡಿದರು. ಅವರ ತಲೆ ನನ್ನದಕ್ಕಿಂತ ಒರಟಾಗಿತ್ತು. ಆಕೆ ಎರಡನ್ನೂ ನನ್ನ ಕೈಗೆ ಕೊಟ್ಟು, ಗರಗಸದಲ್ಲಿ ಉದ್ದಕ್ಕೆ ಸೀಳು ಎಂದರು. ಸೀಳಿದೆ, ಅರದಿಂದ ಉಜ್ಜಿದೆ, ಬೆಳಕಿಗೆ ಹಿಡಿದೆ. ನನ್ನ ರಿವೆಟ್‌ಗೂ ತೂತಿನ ಗೋಡೆಗೂ ನಡುವೆ ದಾರದಷ್ಟು ಕಪ್ಪು ಗೆರೆ. ಅವರದರಲ್ಲಿ ಗೆರೆ ಹುಡುಕಿದರೂ ಇರಲಿಲ್ಲ. ಎಲ್ಲಿ ರಿವೆಟ್ ಮುಗಿಯಿತು, ಎಲ್ಲಿ ಪಟ್ಟಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ.

"ನೀನು ತಲೆ ಮಾಡಕ್ಕೆ ಒಡೀತೀಯ. ಅವ್ರು ಮೊದ್ಲು ನೆಟ್ಟಗೆ ನಾಕೇಟು ಆಕಿ ಒಟ್ಟೆ ತುಂಬುಸ್ತಾರೆ. ತಲೆ ಆಮೇಕೆ" ಎಂದರು.

ಡಾಕ್ಟರ ಕಡೆ ನೋಡಿದೆ. ಕೇಳದೆ ಏನೂ ಮಾಡಬಾರದೆಂದು ನಿರ್ಧರಿಸಿದ್ದೆನಲ್ಲ. ಸೀಳಿದ ತುಂಡುಗಳನ್ನು ಅವರಿಗೂ ತೋರಿಸಿದೆ.

"ಸುತ್ತಿಗೆ ಅವರ ಕೈಗೆ ಕೊಡ್ತೀನಿ ಡಾಕ್ಟ್ರೇ. ಸೀಳಿದರೆ ಇನ್ನೊಂದು ಡ್ರಮ್ಮಿಲ್ಲ. ಆದರೂ ಕೊಡೋದೇ ಸರಿ ಅನ್ನಿಸ್ತಿದೆ."

ಅವರು ಕನ್ನಡಕ ಮೇಲೆತ್ತಿ ಆ ತುಂಡನ್ನು ಬಹಳ ಹೊತ್ತು ನೋಡಿ, "ಕೊಡು" ಎಂದರು.

ಸಪೂರ ಮಾಡಿಸಿದ ಹಾರೆಯ ತುಂಡನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ಅದರ ಗುಳಿಯಲ್ಲಿ ರಿವೆಟ್‌ನ ತಲೆ ಕೂತಿತು. ಆಕೆ ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳುಗಳನ್ನು ರಿವೆಟ್‌ನ ಇಕ್ಕೆಲದಲ್ಲಿ ಇಟ್ಟುಕೊಂಡರು. ಸುತ್ತಿಗೆ ಬೀಳುವ ಜಾಗಕ್ಕೂ ಹೆಬ್ಬೆರಳಿಗೂ ನಡುವೆ ಒಂದು ಅಂಗುಲವೂ ಇರಲಿಲ್ಲ. ಗಂಡ ಒಮ್ಮೆಯೂ ಆ ಬೆರಳುಗಳ ಕಡೆ ನೋಡಲಿಲ್ಲ, ಆಕೆಯ ಮುಖವನ್ನೇ ನೋಡುತ್ತಿದ್ದರು. ನಾಲ್ಕು ಸಣ್ಣ ನೇರ ಏಟು. ಆಕೆ ರೆಪ್ಪೆ ಅಲುಗಿಸಿದರು. ಇನ್ನೆರಡು. ಗದ್ದ ಕೆಳಗಾಯಿತು. ಆಮೇಲೆ ಗುಳಿಯಿರುವ ಅಚ್ಚನ್ನು ಮೇಲಿಟ್ಟು ತಲೆಯನ್ನು ದುಂಡು ಮಾಡಿದರು. ಒಂದಾದ ಮೇಲೆ ಅದರ ನೇರ ಎದುರಿನದು, ಆಮೇಲೆ ಅಡ್ಡದ್ದು, ಮತ್ತೆ ಅದರ ಎದುರಿನದು. ಉಳಿದ ತೂತುಗಳಲ್ಲಿ ತಾತ್ಕಾಲಿಕ ಬೋಲ್ಟ್ ಹಾಕಿ ನಾನು ಬಿಗಿ ಹಿಡಿದಿದ್ದೆ. ಸುಮ್ಮನೆ ಅವರಿಬ್ಬರ ಮುಖ ನೋಡುತ್ತಾ ನಿಲ್ಲುವುದೇ ಒಂದು ಭಾಗ್ಯವೆನ್ನಿಸುವಷ್ಟು ಚೆಂದದ ಕೆಲಸ ಅದು.

"ನಿಮಗೆ ಹೇಗೆ ಗೊತ್ತಾಗುತ್ತೆ ಅಕ್ಕ?" ನಡುವೆ ಕೇಳಿದೆ.

"ಮೊದ್ಲೇಟಿಗೆ ಕಬ್ಣ ಕೈಲಿ ಕುಣೀತದೆ. ತುಂಬ್ಕತಾ ತುಂಬ್ಕತಾ ಕುಣಿಯದು ನಿಲ್ತದೆ. ಅಷ್ಟೇಯ."

ಏಳನೆಯದು ಮುಗಿದ ಮೇಲೆ ಆಕೆ ಕೈ ತೆಗೆಯಲಿಲ್ಲ. ಗಂಡನಿಗೆ ನಿಲ್ಲಿ ಎಂದು ಸನ್ನೆ ಮಾಡಿ ಹೆಬ್ಬೆರಳಿಂದ ಅಂಚನ್ನು ಒತ್ತಿ ಒತ್ತಿ ನೋಡಿದರು.

"ಇದು ನಿಂತಿಲ್ಲ."

ನಾನು ಬೆರಳಿಟ್ಟು ತಟ್ಟಿ ನೋಡಿದೆ. ಗಟ್ಟಿಯಾಗಿತ್ತು. ಬೆಳಕಿಗೆ ಹಿಡಿದೆ, ಸಂದು ಕಾಣಲಿಲ್ಲ. ಅದನ್ನು ತೆಗೆಯಬೇಕೆಂದರೆ ಮತ್ತೆ ಡ್ರಿಲ್ ಹಾಕಬೇಕು, ತೂತಿಗೆ ಪೆಟ್ಟಾಗಬಹುದು. "ಇರಲಿ ಬಿಡಿ ಅಕ್ಕ, ಉಳಿದ ಒಂಬತ್ತು ಹಿಡ್ಕೊಳ್ತವೆ" ಎಂದುಬಿಟ್ಟೆ.

ಆಕೆ ಡಾಕ್ಟರ ಕಡೆ ತಿರುಗಿದರು.

"ಸ್ವಾಮಿ, ಕೊಪ್ಪರಿಗೇಲಿ ಒಂದು ಮೊಳೆ ಸೋರಿದ್ರೆ ಒಲೆ ಉರಿ ಕೆಡ್ತದೆ, ಬೆಲ್ಲ ಕೆಡ್ತದೆ. ಇದ್ರಲ್ಲಿ ಸಡ್ಲಾದ್ರೆ ಏನಾಯ್ತದೆ?"

"ನಾನು ಬೀಳ್ತೀನಮ್ಮ" ಎಂದರು ಡಾಕ್ಟರು. "ಈ ಕೈಯಲ್ಲಿ ಮುಂದಿನ ಬ್ರೇಕು ಹಿಡಿಯೋಕಾಗಲ್ಲ."

ಆಕೆ ಆ ಮಡಚದ ಬೆರಳುಗಳನ್ನು ನೋಡಿದರು. "ಅಂಗಾರೆ ತೆಗೀರಿ" ಎಂದು ನನಗೆ ಹೇಳಿದರು.

ತಲೆಯ ನಡುವೆ ಚುಕ್ಕೆ ಹೊಡೆದು, ಕೈ ಡ್ರಿಲ್ಲಿನಲ್ಲಿ ತಲೆಯಷ್ಟನ್ನೇ ಕೊರೆದು, ಉಳಿದದ್ದನ್ನು ಮೆಲ್ಲಗೆ ತಟ್ಟಿ ಕೆಳಕ್ಕೆ ಇಳಿಸಿದೆ. ಒಂದು ಗಂಟೆಯ ಕೆಲಸ. ರಿವೆಟ್ ಬಿದ್ದ ಮೇಲೆ ಬೋಲ್ಟ್‌ಗಳನ್ನು ಸಡಿಲಿಸಿ ಅಂಚಿನ ಸಂದಿಗೆ ತೆಳು ಬ್ಲೇಡ್ ತೂರಿಸಿ ಎಳೆದೆ. ರೀಮರ್ ಹಾಕಿದಾಗ ಎದ್ದಿದ್ದ ಕಬ್ಬಿಣದ ಸುರುಳಿಯೊಂದು ಹೊರಗೆ ಬಂತು, ಕೂದಲಿನಷ್ಟು ತೆಳ್ಳಗೆ, ಅಕ್ಕಿಕಾಳಿನಷ್ಟು ಉದ್ದ. ತೂತುಗಳನ್ನು ಹಿಗ್ಗಿಸಿದ ಮೇಲೆ ಎರಡು ತುಂಡುಗಳನ್ನೂ ಬೇರೆ ಮಾಡಿ ಒರೆಸಬೇಕಿತ್ತು. ನಾನು ಒರೆಸಿರಲಿಲ್ಲ. ಸ್ಪ್ರಾಕೆಟ್ ಅದರ ಮೇಲೆ ಕೂತಿತ್ತು. ನಾಲ್ಕು ದಿನ ಓಡಿ ಆ ಸುರುಳಿ ಪುಡಿಯಾದ ಮೇಲೆ ಏಳನೆಯ ರಿವೆಟ್ ಅಲ್ಲಾಡಲು ಶುರುವಾಗುತ್ತಿತ್ತು. ಅದಾದ ಮೇಲೆ ಪಕ್ಕದವು.

ಸುರುಳಿಯನ್ನು ಅಂಗೈಯಲ್ಲಿಟ್ಟು ಆಕೆಗೆ ತೋರಿಸಿದೆ. ತಪ್ಪು ಯಾರದೆಂದು ಆಕೆ ಕೇಳಲಿಲ್ಲ, ನಾನೇ ಹೇಳಿದೆ. "ಇನ್ನೂ ಮೂರು ಬಾಕಿ ಅವೆ, ನೋಡ್ಬುಡು" ಎಂದರು. ಉಳಿದ ತೂತುಗಳ ಸಂದಿಯನ್ನೆಲ್ಲ ಬ್ಲೇಡಿನಿಂದ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿದೆ. ಆಮೇಲೆ ಏಳನೆಯದನ್ನು ಮತ್ತೆ ಬಡಿದರು. ಈ ಸಲ ಆಕೆಯ ಗದ್ದ ಕೆಳಗಾಗಲು ಮೂರೇ ಏಟು ಸಾಕಾಯಿತು.

ಹತ್ತೂ ಮುಗಿದ ಮೇಲೆ ಹುಣಸೂರಿಗೆ ತಂದು ಲೇತ್‌ನಲ್ಲಿ ಕಟ್ಟಿ ತಿರುಗಿಸಿದಾಗ ಡ್ರಮ್ಮಿನ ದುಂಡು ಎಲ್ಲೂ ಕೆಟ್ಟಿರಲಿಲ್ಲ. ನನ್ನ ಗೆಳೆಯ ಹತ್ತು ತಲೆಗಳ ಮೇಲೂ ಕೈಯಾಡಿಸಿ, "ನಾವೇನ್ ಕಲ್ತಿದ್ದೀವೋ ಕಾಣೆ ಕಣ್ಲಾ" ಎಂದ. ಚಕ್ರ ಕೂರಿಸಿದೆ. ಬ್ರೇಕ್ ಒತ್ತಿದರೆ ಪೆಡಲ್ಲು ಒಂದೇ ಸಮನಾಗಿ ಇಳಿಯಿತು, ಚಕ್ರ ಒಂದೇ ಸಮನಾಗಿ ನಿಂತಿತು. ಕೋಟೆ ರಸ್ತೆಯಲ್ಲಿ ಮೂರು ದಿನ ನಾನು ಓಡಿಸಿದೆ, ಪ್ರತಿ ಸಂಜೆ ಚಕ್ರ ಬಿಚ್ಚಿ ಹತ್ತನ್ನೂ ತಟ್ಟಿ ನೋಡಿದೆ. ಒಂದೂ ಬೆರಳಿಗೆ ಹೊಡೆಯಲಿಲ್ಲ. ನಾಲ್ಕನೆಯ ದಿನ ಡಾಕ್ಟರು ತಾವೇ ಹತ್ತಿ ಹಂಪಾಪುರದವರೆಗೆ ಹೋಗಿ ಬಂದರು. ಬಂದು ಗಾಡಿ ನಿಲ್ಲಿಸಿ, "ನಾಳೆ ಕೆ.ಆರ್.ನಗರಕ್ಕೆ ಹೋಗೋಣ, ಹಿಂದೆ ಕೂತ್ಕೊ" ಎಂದರು.

ನಾವು ಹೋದಾಗ ಹೊಸ ಕೊಪ್ಪರಿಗೆ ಮಗುಚಿ ಬಿದ್ದಿತ್ತು, ಆಕೆ ಕೆಳಗಿದ್ದರು. ಎಂಜಿನ್ ಸದ್ದು ಕೇಳಿ ಹೊರಗೆ ಬಂದರು. ಗಂಡ ಸುತ್ತಿಗೆ ಇಟ್ಟು ಗಾಡಿಯನ್ನು ಒಂದು ಸುತ್ತು ಹಾಕಿ, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ತಮ್ಮ ರಿವೆಟ್‌ಗಳನ್ನು ಎಣಿಸಿದರು. ಡಾಕ್ಟರು ಆಕೆಗೆ, "ಬನ್ನಿ ತಾಯಿ, ಸೇತುವೆವರೆಗೆ ಒಂದು ಸುತ್ತು" ಎಂದರು.

"ಅಯ್ಯೋ, ಇಲ್ಲಿ ಒತ್ತು ಹಿಡಿಯೋರು ಯಾರು? ಸಂಜೆಗೆ ಈ ಸಾಲು ಮುಗೀಬೇಕು."

"ನಾನು ಹಿಡೀತೀನಿ" ಎಂದೆ.

ಆಕೆ ನಕ್ಕು, ಸೆರಗು ಸಿಕ್ಕಿಸಿಕೊಂಡು, ಕಿವಿಯ ಹತ್ತಿಯನ್ನು ನನ್ನ ಕೈಗೆ ಕೊಟ್ಟು ಗಾಡಿ ಹತ್ತಿದರು.

ನಾನು ಕೊಪ್ಪರಿಗೆಯ ಕೆಳಗೆ ತೆವಳಿದೆ. ಕತ್ತಲು, ಕಬ್ಬಿಣದ ವಾಸನೆ. ಕೈಯಲ್ಲಿ ಒತ್ತಿನ ಕಬ್ಬಿಣ. ಮೇಲಿನಿಂದ ಮೊದಲ ಏಟು ಬಿದ್ದಾಗ ಹಲ್ಲುಗಳು ಅಲುಗಿದವು. ಕಬ್ಬಿಣ ಕೈಯಲ್ಲಿ ಕುಣಿಯಿತು. ಎರಡನೆಯ ಏಟಿಗೂ ಕುಣಿಯಿತು, ಐದನೆಯದಕ್ಕೂ ಕುಣಿಯಿತು. ಯಾವಾಗ ನಿಲ್ಲಬೇಕೋ ನನಗೆ ತಿಳಿಯಲೇ ಇಲ್ಲ. ಭುಜ ಸೋತು ಬಂತು. ಮೊಳೆ ತುಂಬಿತೆಂದು ಕೆಳಗಿನಿಂದ ತಟ್ಟಿದರೆ ಆತನ ಕೈಗೆ ಅದು ತಿಳಿಯುತ್ತಿತ್ತು; ಆತ ಮೇಲೆ ಆ ತಟ್ಟುವಿಕೆಗಾಗಿ ಕಾಯುತ್ತಿದ್ದರು. ನಾನು ತಟ್ಟಲೋ ಬೇಡವೋ ಎಂದು ಒದ್ದಾಡುತ್ತಿದ್ದೆ. ಆಕೆ ಈ ಕತ್ತಲಲ್ಲಿ ಮೂವತ್ತು ವರ್ಷ ಕೂತಿದ್ದರು.

ಎರಡು ಮೊಳೆ ಆಗುವಷ್ಟರಲ್ಲಿ ಗಾಡಿ ವಾಪಸ್ ಬಂತು. ಸದ್ದು ನಿಂತಿತು. ಕೊಪ್ಪರಿಗೆಯ ಅಂಚಿನ ಬಳಿ ಕಾಲುಂಗುರದ ಪಾದಗಳು ಬಂದು ನಿಂತವು, ಆಮೇಲೆ ಬಗ್ಗಿದ ಮುಖ ಕಾಣಿಸಿತು. ಗಾಳಿಗೆ ಕೂದಲೆಲ್ಲ ಕೆದರಿತ್ತು.

"ಗಟ್ಟಿಯಾಗಿ ಬ್ರೇಕು ಒತ್ತಿ ಸ್ವಾಮಿ ಅಂದೆ. ಎರಡ್ ಸಲ ಒತ್ತುಸ್ದೆ. ಗಕ್ಕನೆ ನಿಂತ್ಕತು" ಎಂದರು. ಕೈ ಚಾಚಿ ನನ್ನಿಂದ ಕಬ್ಬಿಣವನ್ನು ಈಸಿಕೊಂಡರು.

"ಏಳಪ್ಪ, ಅದು ನನ್ ಜಾಗ."